ಹದಿನೇಳನೇ ನಂಬರಿನ ಬಣ್ಣ

"ಕಾರು ನನ್ನದೇ ಮೇಡಂ. ಆದ್ರೆ ನನ್ನ ಹತ್ರ ಇಲ್ಲ."

ಇಷ್ಟು ಹೇಳಿ ದರ್ಜಿ ಸೂಜಿಗೆ ದಾರ ಪೋಣಿಸಿದ. ಮೊದಲ ಸಲಕ್ಕೇ ದಾರ ಒಳಗೆ ಹೋಯಿತು. ಭೂತಗನ್ನಡಿಗೆ ಅದು ಹಿಡಿಸಲಿಲ್ಲ. ಸುಳ್ಳು ಹೇಳುವವರ ಕೈ ನಡುಗುವುದನ್ನು ಅವಳು ಬೇಕಾದಷ್ಟು ಸಲ ನೋಡಿದ್ದಳು. ನಿಜ ಹೇಳುವವರ ಕೈ ಅದಕ್ಕಿಂತ ಹೆಚ್ಚು ನಡುಗುವುದನ್ನೂ ನೋಡಿದ್ದಳು. ಎರಡೂ ಅಲ್ಲದ ಈ ಕೈ ಅವಳಿಗೆ ಹೊಸದು.

ಭೂತಗನ್ನಡಿ ಅನ್ನುವುದು ಕಾರು ಕಾರ್ಖಾನೆಯ ಜನ ಅವಳಿಗೆ ಇಟ್ಟ ಹೆಸರು. ಅಲ್ಲಿನ ತನಿಖಾ ವಿಭಾಗದಲ್ಲಿ ಕಿಟಕಿ ಇಲ್ಲದ ಒಂದು ಕೋಣೆ ಅವಳದು. ಕಳುವಾದ ಚಕ್ರ, ಸುಳ್ಳು ರಜೆ, ಇಲ್ಲದ ಕಾಯಿಲೆ, ಎಲ್ಲವೂ ಕೊನೆಗೆ ಆ ಕೋಣೆಗೇ ಬರಬೇಕು. ಎದುರಿಗೆ ಎಲ್ಲರೂ ಮೇಡಂ ಅನ್ನುತ್ತಿದ್ದರು. ಅವಳು ಆಚೆ ತಿರುಗಿದರೆ ಸಾಕು, ಭೂತಗನ್ನಡಿ. ಅವಳಿಗೆ ಇದು ಗೊತ್ತಿತ್ತು, ಒಳಗೊಳಗೇ ಸ್ವಲ್ಪ ಖುಷಿಯೂ ಇತ್ತು.

ಈ ಸಲ ಕೋಣೆಗೆ ಬಂದದ್ದು ಒಂದು ಕುಟುಂಬ ಪತ್ರ. ಕಾರ್ಖಾನೆಯ ಪ್ರತಿಯೊಬ್ಬ ಕೆಲಸಗಾರನ ಮನೆಗೂ ವರ್ಷಕ್ಕೊಂದು ಹಾಗೆ ಅಂಚೆಯಲ್ಲಿ ಬರುತ್ತದೆ. ಹೆಂಡತಿಯದೋ ಮಗಳದೋ ಷಡ್ಡಕನದೋ ಹೆಸರು ತುಂಬಿ, ಸಹಿ ಹಾಕಿ ಷೋರೂಮಿಗೆ ಕೊಟ್ಟರೆ ಹೊಸ ಕಾರು ಮುಕ್ಕಾಲು ಬೆಲೆಗೆ ಕೈಗೆ ಬರುತ್ತದೆ. ಷರತ್ತು ಒಂದೇ. ಕಾರು ಒಂದು ವರ್ಷ ಆ ನೆಂಟರ ಮನೆಯಲ್ಲೇ ನಿಂತಿರಬೇಕು. ಹೊರಗಿನವರ ಪಾಲಾಯಿತೋ, ಪತ್ರ ಕೊಟ್ಟವನ ಕೆಲಸವೂ ಹೊರಗೆ.

ಈ ಪತ್ರ ಪೇಂಟ್ ಶಾಪಿನ ಮೇಸ್ತ್ರಿಯದು. ಅವರ ನಿವೃತ್ತಿಗೆ ಇನ್ನು ಏಳು ತಿಂಗಳು. ಮಗಳಿಗೆ ದೂರದ ಆಸ್ಪತ್ರೆಯಲ್ಲಿ ನರ್ಸ್ ಕೆಲಸ, ಎರಡು ಬಸ್ಸು ಬದಲಿಸಿ ಹೋಗಬೇಕು. ಕೊನೆಯ ಪತ್ರ ಅವಳಿಗೆ ಎಂದು ಮೇಸ್ತ್ರಿ ಎತ್ತಿಟ್ಟಿದ್ದರಂತೆ. ಅದು ಕಾಣದೆ ಷೋರೂಮಿಗೆ ಹೋಗಿ ಕೇಳಿದರೆ, ನಿಮ್ಮ ಪತ್ರದ ಕಾರು ಮೂರು ತಿಂಗಳ ಹಿಂದೆಯೇ ಹೋಯಿತಲ್ಲ ಎಂದರು ಷೋರೂಮಿನವರು. ಕೊಂಡವನು ಷಡ್ಡಕ, ಈ ದರ್ಜಿ. ಮೇಸ್ತ್ರಿಯ ಹೆಂಡತಿಯ ತಂಗಿಯ ಗಂಡ. ಕಾರು ಮಾತ್ರ ದರ್ಜಿಯ ಮನೆಯಲ್ಲಿಲ್ಲ, ಬೀದಿಯಲ್ಲಿಲ್ಲ, ಎಲ್ಲೂ ಇಲ್ಲ. ಆ ನಂಬರಿನ ಗಾಡಿಗಾಗಿ ಭೂತಗನ್ನಡಿ ಹತ್ತು ದಿನದಿಂದ ಊರೆಲ್ಲ ಜಾಲಾಡಿಸಿದ್ದಳು.

ನಾಳೆ ಬೆಳಗ್ಗೆ ಹತ್ತಕ್ಕೆ ವಿಚಾರಣೆ. ಪತ್ರ ಕದ್ದದ್ದು ಎಂದು ಅಷ್ಟರೊಳಗೆ ತೋರಿಸದಿದ್ದರೆ ಮೇಸ್ತ್ರಿ ಅದನ್ನು ಮಾರಿಕೊಂಡರು ಎಂದೇ ಲೆಕ್ಕ. ಮೂವತ್ತೊಂದು ವರ್ಷ ದುಡಿದ ಮನುಷ್ಯ ಏಳು ತಿಂಗಳಿಗೆ ಮುಂಚೆ ಗೇಟಿನ ಆಚೆ ನಿಲ್ಲಬೇಕು.

ಆ ಮನುಷ್ಯ ಅವಳ ಗುರು. ತನಿಖೆಯ ಕೋಣೆಗೆ ಬರುವ ಮುಂಚೆ ಹನ್ನೆರಡು ವರ್ಷ ಅವಳು ಅದೇ ಪೇಂಟ್ ಶಾಪಿನಲ್ಲಿ, ಅವರ ಪಕ್ಕದಲ್ಲಿ ನಿಂತು ಕೆಲಸ ಕಲಿತಿದ್ದಳು. ಒಣಗಿದ ಬಣ್ಣದ ಮೇಲೆ ಬೆರಳು ಆಡಿಸಿ ಎಲ್ಲಿ ಧೂಳು ಕೂತಿದೆ ಎಂದು ಕಣ್ಣು ಮುಚ್ಚಿ ಹೇಳುವುದನ್ನು ಕಲಿಸಿದವರು ಅವರು. ಭೂತಗನ್ನಡಿಯ ಗಾಜನ್ನು ಉಜ್ಜಿದವರೇ ಅವರು ಅನ್ನಬೇಕು.

"ಬೇರೆಯವರಿಗೆ ಕೊಟ್ಟಿದ್ದೀರಾ?" ಎಂದು ಅವಳು ದರ್ಜಿಯನ್ನು ಕೇಳಿದಳು.

"ನೀವು ಮೊದಲು ಕೂತ್ಕೊಳ್ಳಿ. ಚಹಾ ತರಿಸ್ತೀನಿ."

ಚಹಾ ಬೇಡವೆಂದಳು, ಕೂತಳು. ಅಂಗಡಿ ಉದ್ದಕ್ಕೆ, ಇಕ್ಕಟ್ಟಾಗಿತ್ತು. ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದ ಬಟ್ಟೆ. ಗೋಡೆಗೆ ಒರಗಿದ ಇಸ್ತ್ರಿ ಮೇಜು. ಮೂಲೆಯಲ್ಲಿ ತಲೆಯಿಲ್ಲದ ಒಂದು ಮರದ ಬೊಂಬೆಗೆ ಅರ್ಧ ಹೊಲಿದ ಕೆಂಪು ಕೋಟು ತೊಡಿಸಿದ್ದ. ಕೋಟಿನ ಎಡ ಭುಜದೊಳಗೆ ಹತ್ತಿ ತುರುಕಿದ್ದು ಹೊಲಿಗೆಯ ಸಂದಿಯಿಂದ ಇಣುಕುತ್ತಿತ್ತು. ಬಲ ಭುಜಕ್ಕೆ ಹತ್ತಿ ಇರಲಿಲ್ಲ. ನೋಡಿದಳು, ನೋಡಿದ್ದನ್ನು ಮನಸ್ಸಿನಲ್ಲಿ ಒಂದು ಕಡೆ ಇಟ್ಟುಕೊಂಡಳು. ಅದು ಅವಳ ಅಭ್ಯಾಸ.

ಆಮೇಲೆ ಫೈಲು ಬಿಚ್ಚಿ ಪತ್ರವನ್ನು ಅವನ ಮುಂದಿಟ್ಟಳು.

"ಇದರ ಸಹಿ ಮೇಸ್ತ್ರಿಯವರದಲ್ಲ. ಅಕ್ಷರ ನಿಮ್ಮದು. ನಿಮ್ಮ ರಸೀದಿ ಪುಸ್ತಕದ ಜೊತೆ ಇಟ್ಟು ನೋಡಿದ್ದೀನಿ."

ದರ್ಜಿ ಬಗ್ಗಿ ನೋಡಿದ. ಕಂಕುಳಲ್ಲಿ ಸಿಕ್ಕಿಕೊಂಡಿದ್ದ ಟೇಪನ್ನು ಎಳೆದು ಕೊರಳಿಗೆ ಹಾಕಿಕೊಂಡ. "ಹೌದು. ನಾನೇ ಬರೆದದ್ದು," ಅಂದ.

ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಬಂತು ತಪ್ಪೊಪ್ಪಿಗೆ. ಹತ್ತು ದಿನ ನಿದ್ದೆಗೆಟ್ಟವಳಿಗೆ ಅದು ಅವಮಾನದ ಹಾಗೆ ಕಂಡಿತು.

ಅವನು ಹೇಳಿದ ಕಥೆ ಹೀಗಿತ್ತು. ಮಾವನಿಗೆ ಹುಷಾರಿಲ್ಲದಾಗ ಇಬ್ಬರು ಅಳಿಯಂದಿರೂ ಹೆಂಡತಿಯರೂ ಮೇಸ್ತ್ರಿಯ ಮನೆಯಲ್ಲಿ ಸೇರಿದ್ದರು. ಫ್ರಿಡ್ಜಿನ ಮೇಲೆ ಲಕೋಟೆ ಬಿದ್ದಿತ್ತು. ಎಲ್ಲರೂ ಒಳಗೆ ಮಾವನ ಹತ್ತಿರ ಇದ್ದಾಗ ಅವನು ನೀರು ಕುಡಿಯಲು ಹೊರಗೆ ಬಂದ. ಲಕೋಟೆ ಜೇಬಿಗೆ ಹೋಯಿತು. ನೀರು ಕುಡಿಯುವುದು ಮರೆತೇ ಹೋಯಿತು.

"ಕೇಳಿದ್ರೆ ಕೊಡ್ತಿರಲಿಲ್ವಾ?"

"ಎರಡು ವರ್ಷ ಕೇಳ್ದೆ. ಎರಡು ಸಲಾನೂ ನೋಡೋಣ ಅಂದ್ರು. ಅವರು ನೋಡ್ತಾನೇ ಇದ್ದಾರೆ ಮೇಡಂ, ಇವತ್ತಿಗೂ."

ಆಮೇಲೆ ಅವನ ಬಾಯಿಂದ ಇಪ್ಪತ್ತೈದು ವರ್ಷದ ಹೊಟ್ಟೆಯುರಿ ಹೊರಗೆ ಬಂತು. ಯಾರೂ ಕೇಳದೆ, ಯಾರೂ ತಡೆಯದೆ ಬಂತು. ದೊಡ್ಡ ಅಳಿಯ ಬಂದರೆ ಮಾವ ಎದ್ದು ನಿಲ್ಲುತ್ತಿದ್ದರಂತೆ. ಚಿಕ್ಕ ಅಳಿಯ ಬಂದರೆ ಟೀವಿಯ ಸದ್ದು ಸ್ವಲ್ಪ ಕಡಿಮೆ ಮಾಡುತ್ತಿದ್ದರು, ಅಷ್ಟೇ. ಮಾವನಿಗೆ ಅವನು ಒಂದು ಕೋಟು ಹೊಲಿದುಕೊಟ್ಟಿದ್ದ, ತನ್ನ ಜೀವಮಾನದಲ್ಲೇ ಹೊಲಿದ ಎಲ್ಲಕ್ಕಿಂತ ಚೆಂದದ ಕೋಟು. ಮಾವ ಅದನ್ನು ತೊಟ್ಟುಕೊಂಡು ದೊಡ್ಡ ಅಳಿಯನ ಕಾರಿನಲ್ಲಿ ಕೂತು ಊರು ಸುತ್ತಿದರು. ಕೋಟು ಯಾರು ಹೊಲಿದದ್ದು ಎಂದು ಯಾರೂ ಕೇಳಲಿಲ್ಲ, ಕಾರು ಯಾರದು ಎಂದು ಎಲ್ಲರೂ ಕೇಳಿದರು.

"ನನಗೆ ಕಾರು ಬೇಕಿರಲಿಲ್ಲ ಮೇಡಂ. ನನಗೆ ಓಡ್ಸೋಕೇ ಬರಲ್ಲ," ಎಂದ ದರ್ಜಿ. "ಅವರ ಮನೆಗೆ ಇನ್ನೊಂದು ಕಾರು ಬರಬಾರದಿತ್ತು. ಅಷ್ಟೇ ನನಗೆ ಬೇಕಿದ್ದದ್ದು."

ಇಂಥ ಮಾತಿಗೆ ಭೂತಗನ್ನಡಿ ಮುಖ ಗಂಟಿಕ್ಕಬೇಕಿತ್ತು. ಅವಳು ಕಣ್ಣು ತಗ್ಗಿಸಿದಳು.

ಯಾಕೆಂದರೆ ಅವಳ ಮೇಜಿನ ಕೆಳಗಿನ ಡ್ರಾಯರಿನಲ್ಲಿ ಮೂರು ಕುಟುಂಬ ಪತ್ರಗಳು ಹಾಗೇ ಬಿದ್ದಿದ್ದವು, ಮೂರು ವರ್ಷದವು. ಒಂದರಲ್ಲೂ ಹೆಸರು ತುಂಬಿರಲಿಲ್ಲ. ಅವಳ ತಂಗಿ ಮೂರು ವರ್ಷವೂ ಕೇಳಿದ್ದಳು. ತನಿಖಾ ವಿಭಾಗದವರು ಪತ್ರ ಕೊಡುವಂತಿಲ್ಲ, ರೂಲ್ಸ್ ಇದೆ ಎಂದು ಇವಳು ಮೂರು ವರ್ಷವೂ ಹೇಳಿದ್ದಳು. ಅಂಥ ರೂಲ್ಸ್ ಎಲ್ಲೂ ಇಲ್ಲ.

ತಂಗಿ ಅಂದರೆ ಇಷ್ಟವಿಲ್ಲ ಅಂತಲ್ಲ. ತಂಗಿಗೆ ಜ್ವರ ಬಂದರೆ ಮೊದಲು ಓಡುವವಳು ಇವಳೇ. ಆದರೆ ತಂಗಿಗೆ ಒಳ್ಳೆಯದಾದರೆ ಇವಳಿಗೆ ಮೈಗೆ ಆಗುತ್ತಿರಲಿಲ್ಲ. ಚಿಕ್ಕವಳಿದ್ದಾಗ ಅಪ್ಪ ಮನೆಗೆ ಒಂದು ಕೆಂಪು ಸೈಕಲ್ಲು ತಂದಿದ್ದರು. ಅದು ತಂಗಿಯ ಪಾಲಾಯಿತು. ಸೀಟು ಹಿಡಿದುಕೊಂಡು ಹಿಂದೆ ಓಡುವ ಕೆಲಸ ಅಕ್ಕನದು. ಆಮೇಲೆ ಬಂದ ಒಳ್ಳೆಯ ಗಂಡ, ಒಳ್ಳೆಯ ಮನೆ, ಬೆಳೆದಷ್ಟೂ ಮುಗಿಯದ ಕೂದಲು, ಎಲ್ಲವೂ ಅವಳಿಗೆ ಆ ಸೈಕಲ್ಲಿನ ಹಾಗೇ ಕಾಣುತ್ತಿದ್ದವು.

ಮೂರು ತಿಂಗಳ ಹಿಂದೆ ತಂಗಿ ಹೊಸ ಕಾರೂ ಕೊಂಡಳು. ಗಂಡನ ಬೋನಸ್ಸಿನಲ್ಲಿ ಕೊಂಡದ್ದು ಎಂದಳು, ಕೂತ್ಕೋ ಅಕ್ಕ, ಬಸ್ಸು ಯಾಕೆ ಎಂದಳು. ಅವತ್ತಿನಿಂದ ಇವತ್ತಿನವರೆಗೆ ಭೂತಗನ್ನಡಿ ಆ ಕಾರಿನಲ್ಲಿ ಕೂತಿಲ್ಲ. ಅದು ಬಂದು ಮನೆ ಮುಂದೆ ಹಾರ್ನ್ ಹೊಡೆದರೆ ಆಕಾಶ ನೋಡುತ್ತಾಳೆ. ಬೇರೆಯವರ ಗಾಡಿಯ ಚಕ್ರದ ಮಣ್ಣು ನೋಡಿ ಅದು ಎಲ್ಲಿಗೆ ಹೋಗಿ ಬಂತು ಎಂದು ಹೇಳುವವಳು ಆ ಒಂದು ಗಾಡಿಯನ್ನು ನೆಟ್ಟಗೆ ನೋಡಿರಲಿಲ್ಲ.

ಇರಲಿ. ಕೆಲಸ ನೋಡಬೇಕು ಎಂದು ಅವಳು ಪತ್ರದ ಮೇಲೆ ಬೆರಳಿಟ್ಟಳು.

"ಕಾರು ಬೇಡದವನು ಇಷ್ಟೆಲ್ಲ ಯಾಕೆ ಮಾಡಿದಿರಿ? ಹರಿದು ಎಸೆದಿದ್ರೆ ಸಾಕಿತ್ತು. ಬಣ್ಣದ ಜಾಗದಲ್ಲಿ ಇದೇನು ಬರೆದಿರೋದು?"

ಬೆರಳಿನ ಕೆಳಗೆ ಇದ್ದದ್ದು ಒಂದೇ ಅಂಕಿ. ಹದಿನೇಳು.

ಎಲ್ಲರೂ ಆ ಜಾಗದಲ್ಲಿ ಬಿಳಿ ಎಂದೋ ನೀಲಿ ಎಂದೋ ಬರೆಯುತ್ತಾರೆ. ನಂಬರು ಬರೆಯುವವರು ಪೇಂಟ್ ಶಾಪಿನವರು ಮಾತ್ರ. ಅಲ್ಲಿ ಬಣ್ಣಗಳಿಗೆ ಹೆಸರಿಲ್ಲ, ಟ್ಯಾಂಕಿನ ನಂಬರೇ ಹೆಸರು. ಅವಳ ಕಾಲದಲ್ಲಿ ಹದಿನೇಳು ಅಂದರೆ ಕೆಂಪು. ಪತ್ರ ನೋಡಿದಾಗ ಅವಳೂ ಕೆಂಪು ಕಾರನ್ನೇ ಹುಡುಕಿಸಲು ಹೊರಟಿದ್ದಳು. ಷೋರೂಮಿನ ಕಾಗದದಲ್ಲಿ ಬೂದು ಎಂದಿತ್ತು. ತಲೆ ಕೆರೆದುಕೊಂಡು ಮೇಸ್ತ್ರಿಯ ಹತ್ತಿರ ಹೋದಳು.

ಐದು ವರ್ಷದ ಹಿಂದೆ ಹೊಸ ಟ್ಯಾಂಕುಗಳು ಬಂದಾಗ ನಂಬರುಗಳೆಲ್ಲ ಬದಲಾದವು ಎಂದು ಹೇಳಿದವರು ಅವರೇ. ಕೆಂಪು ನಾಲ್ಕಾಯಿತು, ಹದಿನೇಳಕ್ಕೆ ಬೂದು ಬಂತು. ಹೊಸ ಚೀಟಿಗಳನ್ನು ಟ್ಯಾಂಕಿಗೆ ತಾನೇ ಅಂಟಿಸಿದೆ ಎಂದರು. ಅಷ್ಟು ಹೇಳಿ, ಪತ್ರದ ಆ ಅಂಕಿಯ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತರು. ಅಲ್ಲಿಯವರೆಗೆ ಪತ್ರ ನಾನು ಕೊಟ್ಟಿಲ್ಲ ಎಂದು ಗುಡುಗುತ್ತಿದ್ದವರು, ಬಿಟ್ಟುಬಿಡಮ್ಮ ಇದನ್ನ, ಆದದ್ದಾಗಲಿ ಎಂದು ಎದ್ದು ಹೋದರು. ವಯಸ್ಸಾಯಿತು, ಧೈರ್ಯ ಕಳೆದುಕೊಂಡರು ಎಂದು ಅವಳು ಕಣ್ಣು ಒರೆಸಿಕೊಂಡಳು.

ಅವಳ ಲೆಕ್ಕ ಸರಳವಾಗಿತ್ತು. ದರ್ಜಿಯಿಂದ ಬರೆಸಿದವರಿಗೆ ಬೇಕಿದ್ದದ್ದು ಕೆಂಪು ಕಾರು. ಹಳೆಯ ನಂಬರು ಗೊತ್ತು, ಹೊಸದು ಗೊತ್ತಿಲ್ಲ. ಅಂದರೆ ಐದು ವರ್ಷಕ್ಕೆ ಮುಂಚೆ ಪೇಂಟ್ ಶಾಪ್ ಬಿಟ್ಟವರು, ಇಲ್ಲ ಅವರ ಮನೆಯವರು. ಬಿಟ್ಟವರ ಪಟ್ಟಿ ಮಾಡಿದಳು. ಹನ್ನೊಂದು ಹೆಸರು. ಹನ್ನೊಂದು ಮನೆಗೂ ಹೋಗಿ ಬಂದಳು. ಯಾರಿಗೂ ಈ ದರ್ಜಿಯ ಗುರುತಿಲ್ಲ.

"ಹದಿನೇಳು ನನ್ನ ತಲೆಯಿಂದ ಬಂದದ್ದಲ್ಲ," ಎಂದ ದರ್ಜಿ. "ಅವಳು ಚೀಟೀಲಿ ಬರ್ಕೊಟ್ಟದ್ದು. ನಾನು ನೋಡಿ ಇಳಿಸಿದೆ."

"ಯಾರು ಅವಳು?"

ದರ್ಜಿ ಗಡಿಯಾರ ನೋಡಿದ. ಐದಕ್ಕೆ ಹತ್ತು ನಿಮಿಷವಿತ್ತು. ಅವಸರವಿಲ್ಲದೆ ಮುಂದುವರಿಸಿದ.

ಪತ್ರ ಕದ್ದ ಮೇಲೆ ಅದನ್ನು ಏನು ಮಾಡುವುದೆಂದು ಅವನಿಗೆ ತಿಳಿದಿರಲಿಲ್ಲವಂತೆ. ಇಸ್ತ್ರಿ ಮೇಜಿನ ಬಟ್ಟೆಯ ಕೆಳಗೆ ಅಡಗಿಸಿಟ್ಟಿದ್ದ. ಒಬ್ಬ ಗಿರಾಕಿ, ಹೆಂಗಸು, ಪ್ಯಾಂಟು ಕಿರಿದು ಮಾಡಿಸಲು ಬಂದವಳು, ಬಟ್ಟೆ ಸರಿದಾಗ ನೋಡಿದಳು. ನೋಡಿದ ತಕ್ಷಣ ಅದು ಏನೆಂದು ಅವಳಿಗೆ ಗೊತ್ತಾಯಿತು. ನಿಮಗೆ ಕಾರು ಬೇಡ ತಾನೇ, ನನಗೆ ಬೇಕು, ದುಡ್ಡು ನಂದು, ಹೆಸರು ನಿಮ್ಮದು ಎಂದಳು. ವರ್ಷ ಕಳೆದ ಮೇಲೆ ತನ್ನ ಹೆಸರಿಗೆ ಬರೆಸಿಕೊಳ್ಳುತ್ತೇನೆಂದಳು. ದರ್ಜಿಗೆ ಭಯವಾಯಿತು, ಆಸೆಯೂ ಆಯಿತು. ಷಡ್ಡಕನ ಪತ್ರದ ಕಾರು ಬೇರೆ ಯಾರದೋ ಮನೆಯ ಮುಂದೆ ನಿಲ್ಲುವುದನ್ನು ನೆನೆದರೆ ಅವನಿಗೆ ಹಬ್ಬದೂಟ ಉಂಡ ಹಾಗಾಗುತ್ತಿತ್ತು.

"ಇದೇನು ಹದಿನೇಳು ಅಂತ ಕೇಳ್ದೆ. ನಕ್ಕಳು. ಕೆಂಪು ಅಂದಳು, ಕಾರ್ಖಾನೆಯೋರ ಮನೇಲಿ ಹಾಗೇ ಹೇಳೋದು ಅಂದಳು. ಆಮೇಲೆ ಷೋರೂಮಿಗೆ ಹೋದ್ರೆ ನಿಂತಿರೋದು ಬೂದು ಕಾರು."

"ಜಗಳ ಆಡಲಿಲ್ವಾ?"

"ಹೇಗೆ ಆಡ್ತಾಳೆ? ಬಾಯಿ ಬಿಟ್ರೆ ಬಣ್ಣ ಬಯಲಾಗುತ್ತೆ. ಮುಖ ಇಷ್ಟು ಸಣ್ಣ ಆಯ್ತು ಪಾಪ. ಆಮೇಲೆ ತಾನೇ ಸಮಾಧಾನ ಮಾಡ್ಕೊಂಡಳು. ಬೂದು ಆದ್ರೆ ಧೂಳು ಕಾಣಲ್ಲ ಅಂದಳು."

ಈ ಮಾತನ್ನು ಎಲ್ಲೋ ಕೇಳಿದ್ದೇನೆ ಎಂದು ಭೂತಗನ್ನಡಿಗೆ ಅನ್ನಿಸಿತು. ಎಲ್ಲಿ ಎಂದು ನೆನಪಿಗೆ ಬರುವಷ್ಟರಲ್ಲಿ ಅದನ್ನು ಅತ್ತ ತಳ್ಳಿದಳು. ಕೆಲವು ನೆನಪುಗಳನ್ನು ಮನಸ್ಸು ತಾನಾಗಿಯೇ ಹಾಗೆ ತಳ್ಳುತ್ತದೆ.

"ಅವಳ ಹೆಸರು ಹೇಳಿ."

"ಹೆಸರು ನಾವು ಬರೆಯಲ್ಲ ಮೇಡಂ. ಅಳತೆ ಬರೀತೀವಿ."

ಅವನು ಮೇಜಿನ ಕೆಳಗಿನಿಂದ ಅಳತೆ ಪುಸ್ತಕ ತೆಗೆದ. ಬಟ್ಟೆಯ ಚೂರುಗಳನ್ನು ಗುಂಡುಸೂಜಿಯಿಂದ ಚುಚ್ಚಿ ಚುಚ್ಚಿ ಪುಸ್ತಕ ಊದಿಕೊಂಡಿತ್ತು. ಒಂದೊಂದು ಪುಟಕ್ಕೂ ಒಬ್ಬೊಬ್ಬ ಗಿರಾಕಿ. ಹೆಸರಿನ ಜಾಗದಲ್ಲಿ ಒಬ್ಬನಿಗೆ ಗೂನು ಬೆನ್ನು, ಇನ್ನೊಬ್ಬನಿಗೆ ಉಸಿರು ಹಿಡಿದು ನಿಲ್ಲುತ್ತಾನೆ, ಮತ್ತೊಬ್ಬಳಿಗೆ ಅಳತೆ ಕೊಡುವಾಗ ನಗುತ್ತಾಳೆ. ದರ್ಜಿಗೆ ಜನ ನೆನಪಿರುವುದು ಹೀಗೆ.

ಬೇಕಾದ ಪುಟ ಬಂದಾಗ ಅವನು ಪುಸ್ತಕವನ್ನು ಅವಳ ಕಡೆ ತಿರುಗಿಸಿದ. ಮೂಲೆಯಲ್ಲಿ ಕೆಂಪು ಬಟ್ಟೆಯ ಚೂರು, ಬೊಂಬೆಯ ಮೇಲಿನ ಕೋಟಿನದೇ. ಎದೆ, ಸೊಂಟ, ತೋಳು, ಎಲ್ಲದರ ಅಂಕಿ. ಕೊನೆಗೆ ಒಂದು ಸಾಲು.

ಎಡ ಭುಜ ಅರ್ಧ ಇಂಚು ತಗ್ಗು. ಚಿಕ್ಕಂದಿನಲ್ಲಿ ಮೂಳೆ ಮುರಿದದ್ದು. ಹತ್ತಿ ಕೊಡಬೇಕು.

ಭೂತಗನ್ನಡಿ ಆ ಸಾಲನ್ನು ಒಂದು ಸಲ ಓದಿದಳು. ಎರಡನೇ ಸಲ ಓದುವ ಅಗತ್ಯವಿರಲಿಲ್ಲ.

ಆ ಮೂಳೆ ಮುರಿದ ದಿನ ಅವಳಿಗೆ ಗೊತ್ತು. ಮಧ್ಯಾಹ್ನ, ಮನೆಯ ಹಿಂದಿನ ಇಳಿಜಾರು. ಕೆಂಪು ಸೈಕಲ್ಲು, ಮೇಲೆ ತಂಗಿ, ಹಿಂದೆ ಸೀಟು ಹಿಡಿದು ಓಡುತ್ತಿದ್ದ ತಾನು. ಬಿಡಬೇಡ ಅಕ್ಕ, ಬಿಡಬೇಡ ಅಕ್ಕ ಎಂದು ತಂಗಿ ಕೂಗುತ್ತಿದ್ದಳು. ಕೈ ಜಾರಿತು ಎಂದು ಅವಳು ಆಮೇಲೆ ಅಪ್ಪನಿಗೆ ಹೇಳಿದ್ದಳು. ಕೈ ಜಾರಿರಲಿಲ್ಲ.

ಪುಟದ ಇನ್ನೊಂದು ಬದಿಗೆ ಚೀಟಿ ಚುಚ್ಚಿತ್ತು. ಬಲಕ್ಕೆ ಬಾಗುವ ಆ ದುಂಡನೆಯ ಅಕ್ಷರಕ್ಕೆ ಸ್ಲೇಟು ಹಿಡಿಸಿದವಳೇ ಇವಳು. ಬಣ್ಣ, ಹದಿನೇಳು. ಪೇಂಟ್ ಶಾಪಿನಲ್ಲಿದ್ದಾಗ ಉಗುರಿನ ಸಂದಿಯಲ್ಲಿ ಕೆಂಪು ಇಟ್ಟುಕೊಂಡು ಮನೆಗೆ ಬಂದು, ಇವತ್ತು ಪೂರ್ತಿ ಹದಿನೇಳು ಕಣೇ, ಬೆನ್ನು ಹೋಯ್ತು ಎಂದು ಇವಳು ಹೇಳುತ್ತಿದ್ದಳು. ಬಿಸಿನೀರು ಕಾಯಿಸಿಕೊಡುತ್ತಿದ್ದವಳು ತಂಗಿ. ನಂಬರು ಬದಲಾದದ್ದನ್ನು ಅವಳಿಗೆ ಹೇಳುವವರು ಯಾರಿದ್ದರು? ಇವಳಿಗೇ ಗೊತ್ತಿರಲಿಲ್ಲ.

ಪೇಂಟ್ ಶಾಪ್ ಬಿಟ್ಟವರು ಹನ್ನೊಂದು ಜನ ಅಲ್ಲ, ಹನ್ನೆರಡು. ಪಟ್ಟಿ ಮಾಡಿದವಳು ತನ್ನನ್ನೇ ಎಣಿಸುವುದನ್ನು ಮರೆತಿದ್ದಳು.

"ಚೀಟಿ ಇಟ್ಕೊಂಡಿದ್ದೀರಲ್ಲ, ಯಾಕೆ?" ಎಂದು ಕೇಳಿದಳು.

"ನಾನು ಯಾವ ಚೀಟೀನೂ ಎಸೆಯಲ್ಲ. ಅದೂ ಅಲ್ದೆ," ದರ್ಜಿ ಕೆಂಪು ಕೋಟಿನ ಭುಜದ ಮೇಲೆ ಅಂಟಿದ್ದ ದಾರ ತೆಗೆದ, "ಅವಳೇ ಹೇಳಿದ್ಳು. ಹೆದರ್ಕೋಬೇಡಿ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ವಿಚಾರಿಸೋಕೆ ಬರೋದು ನಮ್ಮಕ್ಕನೇ ಅಂತ. ಬಂದ್ರಿ. ನಿಮ್ಮನ್ನೇ ಕಾಯ್ತಾ ಇದ್ದೆ ನಾನು."

ಆ ಕೈ ಯಾಕೆ ನಡುಗಲಿಲ್ಲ ಎಂಬುದು ಈಗ ತಿಳಿಯಿತು.

ಅವಳು ಎದ್ದು ಬೊಂಬೆಯ ಹತ್ತಿರ ಹೋಗಿ ನಿಂತಳು. ಕೂತಿರಲು ಆಗಲಿಲ್ಲ. ಷಡ್ಡಕರಿಬ್ಬರೂ ಸೇರಿ ಮಾರಿದರು ಎನ್ನುವವರ ಮುಂದೆ ದರ್ಜಿಯ ಬಾಯಿಮಾತು ನಿಲ್ಲುವುದಿಲ್ಲ. ಚೀಟಿಯನ್ನು ನಾಳೆ ವಿಚಾರಣೆಯಲ್ಲಿ ಇಟ್ಟರೆ ಮೇಸ್ತ್ರಿ ಉಳಿಯುತ್ತಾರೆ. ತಂಗಿಯ ಮನೆಗೆ ಪೊಲೀಸರು ಹೋಗುತ್ತಾರೆ. ತನಿಖೆ ಮಾಡಿದವಳ ಸ್ವಂತ ತಂಗಿ, ಅಕ್ಕನಿಗೆ ಗೊತ್ತೇ ಇರಲಿಲ್ಲವಂತೆ ಎಂದರೆ ಕಾರ್ಖಾನೆಯ ಗೇಟಿನ ನಾಯಿಯೂ ನಂಬುವುದಿಲ್ಲ, ತನ್ನ ಕೆಲಸವೂ ಹೋದ ಹಾಗೆಯೇ. ಚೀಟಿಯನ್ನು ಹರಿದು ಬಾಯಿಗೆ ಹಾಕಿಕೊಂಡರೆ ಅಕ್ಕ ತಂಗಿ ಇಬ್ಬರೂ ಉಳಿಯುತ್ತಾರೆ, ಮೇಸ್ತ್ರಿ ಹೋಗುತ್ತಾರೆ.

ಇದನ್ನೆಲ್ಲ ಅವಳು ಯೋಚಿಸಬೇಕಿತ್ತು. ಆದರೆ ಒಳಗೆ ಕುದಿಯುತ್ತಿದ್ದದ್ದು ಬೇರೆ. ನಾನು ಕೊಡದಿದ್ದರೂ ಸಂಪಾದಿಸಿಕೊಂಡಳಲ್ಲ. ಮೂರು ವರ್ಷ ಡ್ರಾಯರಿಗೆ ಬೀಗ ಹಾಕಿ ಕೂತೆ, ಆದರೂ ಕಾರು ಅವಳ ಮನೆ ಮುಂದೆ ನಿಂತಿತಲ್ಲ. ಆ ಬೂದು ಬಣ್ಣವೊಂದೇ ಅವಳಿಗೆ ಸ್ವಲ್ಪ ತಣ್ಣಗೆ ಅನ್ನಿಸಿದ್ದು. ಕೆಂಪು ಬೇಕಿತ್ತು, ಸಿಗಲಿಲ್ಲ. ಇಷ್ಟು ನೆನೆದು ಸಂತೋಷಪಟ್ಟ ತನ್ನ ಮೇಲೇ ಅವಳಿಗೆ ಅಸಹ್ಯವಾಯಿತು. ಅಸಹ್ಯವಾದರೂ ಸಂತೋಷ ಹೋಗಲಿಲ್ಲ.

"ಅವಳು ಈಗ ಎಲ್ಲಿದ್ದಾಳೆ?" ಎಂದಳು, ತನ್ನ ತಂಗಿಯ ಮನೆ ಗೊತ್ತಿಲ್ಲದವಳ ಹಾಗೆ.

"ಐದು ಗಂಟೆಗೆ ಟ್ರಯಲ್ ಇದೆ. ಕೋಟಿಂದು. ಒಂದು ನಿಮಿಷ ಹೆಚ್ಚುಕಮ್ಮಿ ಮಾಡೋಳಲ್ಲ."

ಭೂತಗನ್ನಡಿ ಗುಂಡುಸೂಜಿ ಕಿತ್ತು ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ದರ್ಜಿ ತಡೆಯಲಿಲ್ಲ. ಏನು ಮಾಡುತ್ತಾಳೋ ನೋಡೋಣ ಎಂಬಂತೆ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಹಾಕಿದ.

ಹೊರಗೆ ಹಾರ್ನ್ ಆಯಿತು, ಎರಡು ಸಲ, ಚಿಕ್ಕದಾಗಿ. ಮೂರು ತಿಂಗಳಿಂದ ಆಕಾಶ ನೋಡಿಸಿದ ಅದೇ ಹಾರ್ನು.

ಈ ಸಲ ಅವಳು ನೋಡಿದಳು. ಅಂಗಡಿಯ ಗಾಜಿನ ಬಾಗಿಲಿನ ಆಚೆ ಬೂದು ಕಾರು ನಿಂತಿತ್ತು. ಧೂಳು ಕಾಣುತ್ತಿರಲಿಲ್ಲ. ನಂಬರು ಫೈಲಿನಲ್ಲಿದ್ದದ್ದೇ. ಹತ್ತು ದಿನ ಊರೆಲ್ಲ ಹುಡುಕಿಸಿದ ಆ ನಂಬರು ಹತ್ತು ದಿನವೂ ಅವಳ ಮನೆ ಬಾಗಿಲಿಗೆ ಬಂದು ಹೋಗಿತ್ತು.

ತಂಗಿ ಇಳಿದಳು. ಅಕ್ಕನನ್ನು ಗಾಜಿನಿಂದಲೇ ನೋಡಿದಳು. ಬೆಚ್ಚಲಿಲ್ಲ. ಅತ್ತು ಅತ್ತು ಅವಳ ಕಣ್ಣು ಊದಿ ಬಂದಿತ್ತು.

ಆಮೇಲೆ ಕಾರಿನ ಇನ್ನೊಂದು ಬಾಗಿಲು ತೆರೆಯಿತು. ಇಳಿದವರು ಮೇಸ್ತ್ರಿ.

ಮೈಮೇಲೆ ಕಾರ್ಖಾನೆಯ ಬಟ್ಟೆ ಹಾಗೇ ಇತ್ತು. ಬಣ್ಣಕ್ಕೆ ಗೀರು ಬೀಳದಿರಲೆಂದು ಪೇಂಟ್ ಶಾಪಿನವರು ಮಾಡುವಂತೆ ಬೆಲ್ಟಿನ ಬಕಲ್ಲನ್ನು ಪಕ್ಕಕ್ಕೆ ತಿರುಗಿಸಿದ್ದರು. ಬಾನೆಟ್ಟಿನ ಮೇಲೆ ಒಂದು ಸಲ ಬೆರಳು ಆಡಿಸಿ, ತಂಗಿಯನ್ನು ಹಿಂದೆ ಬಿಟ್ಟು, ತಾವೇ ಮೊದಲು ಒಳಗೆ ಬಂದರು. ಷಡ್ಡಕನ ಕಡೆ ತಿರುಗಿಯೂ ನೋಡಲಿಲ್ಲ. ದರ್ಜಿಯ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಆಗ ನಡುಗಿತು.

"ಆ ಚೀಟಿ ಇಲ್ಲಿ ಕೊಡಮ್ಮ," ಎಂದರು ಮೇಸ್ತ್ರಿ.

ಅವಳು ಮುಷ್ಟಿ ಬಿಡಲಿಲ್ಲ.

"ಅದನ್ನ ಹೇಳಿ ಬರೆಸಿದ್ದು ನಾನು. ಪತ್ರ ಮಾರಿದ್ದೂ ನಾನೇ. ನಾಳೆ ಹತ್ತು ಗಂಟೆಗೆ ಇದನ್ನೇ ಹೇಳ್ತೀನಿ. ನೀನು ಇದೇ ಥರ ಬರ್ಕೋ."

ತಂಗಿ ಬಾಗಿಲಲ್ಲೇ ನಿಂತು ಮುಖ ಮುಚ್ಚಿಕೊಂಡಳು. ಏನನ್ನೋ ಹೇಳಲು ಹೋದಳು. ಮೇಸ್ತ್ರಿ ಕೈ ಎತ್ತಿ ಸುಮ್ಮನಿರಿಸಿದರು.

ಇದು ಸುಳ್ಳು ಎಂದು ಭೂತಗನ್ನಡಿಗೆ ಗೊತ್ತಿತ್ತು. ನಾಲ್ಕನೇ ನಂಬರಿನ ಚೀಟಿಯನ್ನು ಕೆಂಪಿನ ಟ್ಯಾಂಕಿಗೆ ತನ್ನ ಕೈಯಾರೆ ಅಂಟಿಸಿದ ಮನುಷ್ಯ ಕೆಂಪಿಗೆ ಹದಿನೇಳು ಎಂದು ಹೇಳಿ ಬರೆಸುವುದಿಲ್ಲ. ಈ ಊರಿನಲ್ಲಿ ಆ ತಪ್ಪನ್ನು ಮಾಡಲಾರದವರು ಯಾರಾದರೂ ಇದ್ದರೆ ಅದು ಅವರೊಬ್ಬರೇ. ಅದು ಅವರಿಗೂ ಗೊತ್ತು.

ಗೊತ್ತಿದ್ದೂ ಸುಳ್ಳು ಹೇಳುತ್ತಿದ್ದಾರೆ, ತಂಗಿಗಾಗಿ. ಹನ್ನೆರಡು ವರ್ಷ ಪಕ್ಕದಲ್ಲಿ ನಿಂತ ನನಗಾಗಿ ಈ ಮನುಷ್ಯ ಒಂದು ದಿನ ಒಂದು ಚಿಕ್ಕ ಸುಳ್ಳು ಹೇಳಲಿಲ್ಲ. ಇವರನ್ನೂ ಬಿಡಲಿಲ್ಲವಲ್ಲ ಇವಳು. ಸೈಕಲ್ಲಿನ ಸೀಟು ಬಿಟ್ಟ ಮಧ್ಯಾಹ್ನದ ಅದೇ ಉರಿ ಅವಳ ಅಂಗೈಗೆ ಇಳಿಯಿತು. ಚೀಟಿಯನ್ನು ನಾಳೆ ಎಲ್ಲರ ಮುಂದೆ ಇಟ್ಟೇ ಇಡುತ್ತೇನೆ ಎಂದುಕೊಂಡು ಅವಳು ತಲೆ ಎತ್ತಿದಳು.

ಮೇಸ್ತ್ರಿ ತಂಗಿಯ ಕಡೆ ನೋಡುತ್ತಲೇ ಇರಲಿಲ್ಲ. ಅವರು ನೋಡುತ್ತಿದ್ದದ್ದು ಇವಳನ್ನು. ದನಿ ತಗ್ಗಿಸಿ, ದರ್ಜಿಗೆ ಕೇಳದ ಹಾಗೆ ಅಂದರು:

"ಕೆಂಪಿಗೆ ಹದಿನೇಳು ಅಂತ ನನ್ನ ಹತ್ರ ಕಲಿತು, ಹೊಸ ನಂಬರು ಗೊತ್ತಿಲ್ಲದೆ ಇನ್ನೂ ಕಾರ್ಖಾನೆಯಲ್ಲಿ ಉಳಿದವಳು ನೀನೊಬ್ಬಳೇ. ಪತ್ರ ನೋಡಿದ ದಿನವೇ ಇದು ನಿನ್ನ ಕೆಲಸ ಅಂತ ಗೊತ್ತಾಯ್ತು. ನಿನ್ನ ತಂಗಿ ಮನೆಗೆ ಹೋಗಿ ಕೇಳಿದ್ರೆ, ಎಲ್ಲಾ ತಾನೇ ಮಾಡಿದ್ದು ಅಂತ ಅತ್ತಳು, ನಿನ್ನನ್ನ ಉಳಿಸೋಕೆ. ನಿನ್ನನ್ನ ನಾನು ಹೇಗೆ ಹಿಡಿದುಕೊಡಲಿ ಹೇಳು?"